ಕೋಲಿಗೆ ಕಟ್ಟಿದ ಬೀಗದ ಕೈ

ದಾರದಕ್ಕನಿಗೆ ತಾಯಿತಂದೆ ಇಟ್ಟ ಹೆಸರು ಬೇರೆ ಇತ್ತು. ಪುಸ್ತಕ ಬೈಂಡಿಂಗ್ ಮಾಡುವ ಕಾರ್ಖಾನೆಗೆ ಸೇರಿ ಮೂವತ್ತೊಂದು ವರ್ಷವಾಗುವಷ್ಟರಲ್ಲಿ ಆ ಹೆಸರು ಆಸ್ಪತ್ರೆಯ ಚೀಟಿಗಳಲ್ಲಿ ಮಾತ್ರ ಉಳಿದಿತ್ತು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಅಂಥ ಫಾರಂಗಳನ್ನು ಒಂದರ ಮೇಲೊಂದು ಇಟ್ಟು, ಬೆನ್ನಿನ ಮಡಿಕೆಯೊಳಗೆ ಸೂಜಿ ಹಾಯಿಸಿ, ಮೇಣ ಸವರಿದ ದಾರದಲ್ಲಿ ಒಂದಕ್ಕೊಂದು ಬಿಗಿಯುವುದು ಅವಳ ಕೆಲಸ. ಅವಳು ಹೊಲಿದ ಪುಸ್ತಕ ಮೂರು ಮಕ್ಕಳ ಕೈ ದಾಟಿದರೂ ಹಾಳೆ ಹರಿಯುತ್ತಿತ್ತೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ.

ಹೊಲಿಗೆ ಸಾಲಿನಲ್ಲಿ ಒಂಬತ್ತು ಹೆಂಗಸರು. ಉದ್ದನೆಯ ಒಂದು ಮೇಜು, ಈಚೆಗೆ ಅಷ್ಟೇ ಉದ್ದದ ಅಗಲವಾದ ಬೆಂಚು. ಎದುರಿಗೆ ಕಿಟಕಿ, ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ. ಬೆನ್ನ ಹಿಂದೆ ಹಾಲ್, ಅಲ್ಲಿ ಗಂಡಸರ ಕೆಲಸ: ಅಂಟು ಬಳಿಯುವವರು, ರಟ್ಟು ಕೂರಿಸುವವರು, ಕಟಿಂಗ್ ಮಷೀನಿನವನು. ಬಾಗಿಲ ಹತ್ತಿರ ಮೇಸ್ತ್ರಿಯ ಕುರ್ಚಿ. ಬೆಳಗ್ಗೆ ಎಂಟೂವರೆಗೆ ಬೆಂಚಿನ ಮೇಲೆ ಕೂತರೆ ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚಿ ಉಂಡು, ಸಂಜೆ ಆರಕ್ಕೆ ಏಳುವುದು. ಮಾಲೀಕರ ಕಡೆಯವರು ಯಾರಾದರೂ ಬಂದರೆ ಮೇಸ್ತ್ರಿ ತಪ್ಪದೆ ಹೇಳುತ್ತಿದ್ದ:

"ಗಂಡಸರು ಬೀಡಿ ಅಂತ, ಚಹಾ ಅಂತ ಹತ್ತು ಸಲ ಏಳ್ತಾರೆ ಸಾರ್. ನಮ್ಮ ಹೊಲಿಗೆ ಸಾಲು ನೋಡಿ. ಒಂದು ಜೀವ ಅಲ್ಲಾಡಲ್ಲ."

ಅದನ್ನು ಕೇಳಿದಾಗ ಒಂಬತ್ತು ಬೆನ್ನುಗಳೂ ಇನ್ನಷ್ಟು ನೆಟ್ಟಗಾಗುತ್ತಿದ್ದವು.

ನೋವು ಶುರುವಾದದ್ದು ದಾರದಕ್ಕನ ನಲವತ್ತೆರಡನೆಯ ವರ್ಷದಲ್ಲಿ. ಎಲ್ಲಿ ಎಂದು ಕೇಳಿದರೆ "ಹೊಟ್ಟೆ" ಎನ್ನುತ್ತಿದ್ದಳು. ಅದು ಹೊಟ್ಟೆಯಲ್ಲ, ಹೊಟ್ಟೆಗಿಂತ ಕೆಳಗೆ, ಕಿಬ್ಬೊಟ್ಟೆಗಿಂತಲೂ ಕೆಳಗೆ, ಕೂತರೆ ಬೆಂಚಿಗೆ ತಾಗುವ ಜಾಗದಿಂದ ಒಳಕ್ಕೆ. ಅಂಥ ಜಾಗಕ್ಕೆ ಹೆಸರು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಒದ್ದೆ ಬಟ್ಟೆಯನ್ನು ಎರಡು ಕಡೆಯಿಂದ ಹಿಡಿದು ಹಿಂಡಿದಂತೆ ಒಳಗೆ ಹಿಂಡುತ್ತಿತ್ತು. ಬೆಳಗ್ಗೆ ಸಣ್ಣಗೆ, ಮಧ್ಯಾಹ್ನದ ಮೇಲೆ ಜೋರು, ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ತೊಡೆಯವರೆಗೂ ಇಳಿಯುತ್ತಿತ್ತು. ಮೊದಲನೆಯ ಡಾಕ್ಟರು ಗ್ಯಾಸ್ ಎಂದರು. ಎರಡನೆಯವರು ಮೂತ್ರದಲ್ಲಿ ಸೋಂಕು ಎಂದು ಮಾತ್ರೆ ಕೊಟ್ಟರು, ಮೂರು ಸಲ ಕೊಟ್ಟರು. ನಾಲ್ಕು ವರ್ಷ ಹೀಗೇ ಕಳೆದ ಮೇಲೆ ಒಂದು ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರು ಸ್ಕ್ಯಾನ್ ಹಾಳೆಯನ್ನು ದೀಪಕ್ಕೆ ಹಿಡಿದು, "ಗರ್ಭಕೋಶ ಸ್ವಲ್ಪ ದಪ್ಪ ಇದೆ. ಮಗು ಆಗಿದೆಯಲ್ಲ, ಇನ್ಯಾಕೆ ಇಟ್ಕೋತೀರಿ?" ಎಂದರು. ಬೇಡದ ಸಾಮಾನನ್ನು ಅಟ್ಟದಿಂದ ಇಳಿಸುವ ಹಾಗೆ ಇಳಿಸಿದರು. ಗಾಯ ಒಣಗಿ ಅವಳು ಬೆಂಚಿಗೆ ಮರಳಿದ ಎರಡನೆಯ ವಾರ, ಮಧ್ಯಾಹ್ನ ಮೂರು ಗಂಟೆಗೆ, ನೋವು ತನ್ನ ಜಾಗಕ್ಕೆ ಬಂದು ಕೂತಿತು.

ಅವಳ ಗಂಡನದು ಟಯರ್ ಪಂಕ್ಚರ್ ಹಾಕುವ ಅಂಗಡಿ. ಮಾತು ಕಮ್ಮಿ, ಆಡಿದರೆ ನಗೆಮಾತು. "ಟ್ಯೂಬಾದ್ರೆ ನೀರಲ್ಲಿ ಮುಳುಗಿಸ್ತೀನಿ, ಗುಳ್ಳೆ ಬಂದ ಕಡೆ ತೂತು. ನಿನ್ನ ಯಾವ ನೀರಲ್ಲಿ ಮುಳುಗಿಸ್ಲೇ?" ಎನ್ನುತ್ತಿದ್ದ. ಭಾನುವಾರ ಸಂಜೆ ಅವಳು ಸ್ವಲ್ಪ ಹಗುರಾಗಿ ಓಡಾಡುವುದನ್ನು ಕಂಡು, "ನಿನ್ನ ನೋವಿಗೂ ವಾರದ ರಜೆ ಇದೆ ಕಣೇ. ಯಾರು ಕೊಟ್ಟಿದ್ದು, ಮೇಸ್ತ್ರೀನಾ?" ಎಂದೂ ಹೇಳಿದ್ದ. ಅವಳು ನಕ್ಕಿದ್ದಳು. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟರು. ಹನ್ನೊಂದು ವರ್ಷದಲ್ಲಿ ಯಾವ ಡಾಕ್ಟರಿಗೂ ಹೇಳಲಿಲ್ಲ. ತಮಾಷೆಯ ಮಾತನ್ನು ಡಾಕ್ಟರ ಮುಂದೆ ಹೇಳುವುದುಂಟೇ?

ಅವಳಿಗೆ ಒಬ್ಬಳೇ ಮಗಳು. ಇಪ್ಪತ್ತೇಳು ವರ್ಷ, ಮದುವೆಯಾಗಿ ಮೂರು ವರ್ಷ. ಐದು ವರ್ಷದಿಂದ ತಾಯಿಯ ಎಡಗಡೆಯಲ್ಲೇ ಕೂತು ಹೊಲಿಯುತ್ತಿದ್ದಳು. ಒಂದು ದಿನ ಊಟದ ಹೊತ್ತಿಗೆ ದಾರದಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಾ ಪಕ್ಕಕ್ಕೆ ನೋಡಿದಳು. ಮಗಳು ಬಲಗಡೆಯ ಪೃಷ್ಠವನ್ನು ಮಾತ್ರ ಊರಿ, ಎಡಗಡೆಯನ್ನು ಬೆಂಚಿನಿಂದ ಒಂದು ಬೆರಳಷ್ಟು ಎತ್ತಿ ಕೂತಿದ್ದಳು. ಹಾಗೆ ಯಾಕೆ ಕೂರುತ್ತಾರೆ ಎಂದು ದಾರದಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ನನ್ನ ಹತ್ರ ನಾಟಕ ಬೇಡ."

ಮಗಳು ತುತ್ತು ನುಂಗಿ, ಡಬ್ಬಿಯೊಳಗೆ ನೋಡಿಕೊಂಡೇ ಹೇಳಿದಳು. "ಒಂದು ವರ್ಷದ ಮೇಲಾಯ್ತಮ್ಮ."

"ಅಳಿಯಂದ್ರಿಗೆ ಗೊತ್ತಾ?"

"ಅವರಿಗೆ ಗೊತ್ತಾಗದೆ ಇರುತ್ತಾ?" ಎಂದು ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. "ಹತ್ರ ಬಂದ್ರೆ ಸಾಕು, ಚೀರೋ ಹಾಗಾಗುತ್ತೆ. ಅವರೂ ಎಷ್ಟು ದಿನ ಅಂತ ಸುಮ್ನಿರ್ತಾರೆ. ಅತ್ತೆ ಎಲ್ಲಾ ತಿಳ್ಕೊಂಡಿದಾರೆ. ತಾಯಿಯದೇ ಮಗಳಿಗೆ ಬಂದಿದೆ, ವಂಶದ ಕಾಯಿಲೆ ಅಂತಾರೆ. ನಿನಗೆ ಆಪರೇಷನ್ ಮಾಡಿದ ಡಾಕ್ಟರ ಹತ್ರಾನೇ ಕರ್ಕೊಂಡು ಹೋಗಿದ್ರು."

"ಅವರೇನಂದ್ರು?"

"ಮುಂದಿನ ತಿಂಗಳು ಹದಿನೆಂಟಕ್ಕೆ ಬಾ ಅಂದ್ರು. ಹೊಟ್ಟೆಗೆ ಸಣ್ಣ ತೂತು ಹಾಕಿ ಒಳಗೆ ನೋಡ್ತಾರಂತೆ. ಕೆಟ್ಟಿದ್ದು ಏನಾದ್ರೂ ಕಂಡ್ರೆ ಆಗಲೇ ತೆಗೀತಾರಂತೆ."

"ಏನು ತೆಗೀತಾರೆ? ನಿನಗಿನ್ನೂ ಒಂದು ಮಗುವೂ ಆಗಿಲ್ಲ!"

"ಮೆಲ್ಲಗೆ ಮಾತಾಡಮ್ಮ."

ದಾರದಕ್ಕನಿಗೆ ಅಂದು ಊಟ ಸೇರಲಿಲ್ಲ. ತನ್ನದು ಹೋಯಿತು, ಹೋಗಲಿ. ತೆಗೆದ ಮೇಲೂ ನೋವು ಇದೆ ಎಂದಾದರೆ ನೋವು ಇದ್ದದ್ದು ಅದರಲ್ಲಲ್ಲ. ಅಷ್ಟು ಲೆಕ್ಕ ಅವಳಿಗೂ ಬರುತ್ತಿತ್ತು. ಹಾಗಾದರೆ ಎಲ್ಲಿದೆ? ಹದಿನೆಂಟನೆಯ ತಾರೀಕಿಗೆ ಇಪ್ಪತ್ತಾರು ದಿನ ಇತ್ತು. ಅಷ್ಟರೊಳಗೆ ತನ್ನ ನೋವು ಏನೆಂದು ಗೊತ್ತಾದರೆ ಮಗಳ ಹೊಟ್ಟೆ ಉಳಿಯುತ್ತದೆ ಎಂದುಕೊಂಡಳು. ಮಾರನೆಯ ದಿನವೇ ರಜೆ ಹಾಕಿ ಊರಿನ ದೊಡ್ಡಾಸ್ಪತ್ರೆಗೆ ಹೋದಳು.

ಅಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಎಂಟು ದಿನ ಓಡಾಡಿಸಿದರು. ರಕ್ತ, ಮೂತ್ರ, ಮತ್ತೊಂದು ಸ್ಕ್ಯಾನು. ಎಲ್ಲವೂ ಸರಿ ಇದೆ ಎಂದರು. ಎಲ್ಲ ಸರಿ ಇದ್ದರೆ ಮಗಳನ್ನು ಉಳಿಸುವುದು ಹೇಗೆ ಎಂದು ಅವಳು ಮತ್ತೆ ದಿನ ಎಣಿಸಿದಳು. ಕಡೆಗೆ ಒಬ್ಬರು ಚೀಟಿಯ ಹಿಂದೆ ಏನೋ ಗೀಚಿ, "ಹಿಂಭಾಗದ ಕಟ್ಟಡ, ಫಿಜಿಯೋಥೆರಪಿ, ಹನ್ನೆರಡನೇ ನಂಬರು" ಎಂದರು. ಅದು ಕೈಕಾಲು ಮುರಿದವರಿಗೆ ವ್ಯಾಯಾಮ ಮಾಡಿಸುವ ಜಾಗ. ದಾರಿ ತಪ್ಪಿ ಬಂದೆನೇನೋ ಎಂದು ಅವಳು ಬಾಗಿಲಲ್ಲೇ ನಿಂತಳು. ಒಳಗಿದ್ದವಳು ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿದ್ದಾಳು.

"ಬನ್ನಿ ಅಮ್ಮ, ಕೂತ್ಕೊಳ್ಳಿ."

"ನಿಂತೇ ಇರ್ತೀನಿ ಡಾಕ್ಟರಮ್ಮ. ಕೂತ್ರೆ ಜಾಸ್ತಿ."

"ನಾನು ಡಾಕ್ಟರಲ್ಲ, ವ್ಯಾಯಾಮ ಹೇಳಿಕೊಡೋಳು. ಸರಿ, ನಿಂತೇ ಹೇಳಿ. ಕೂತಾಗ ಜಾಸ್ತಿ. ಯಾವಾಗ ಕಮ್ಮಿ?"

ದಾರದಕ್ಕ ಹಿಂದೆಮುಂದೆ ನೋಡಿದಳು. ಎಂಟು ದಿನ ಓಡಾಡಿ ಸಾಕಾಗಿತ್ತು, ಹೇಳಿಯೇ ಬಿಟ್ಟಳು. "ನಗಬೇಡಿ. ಭಾನುವಾರ ಕಮ್ಮಿ."

ಅವಳು ನಗಲಿಲ್ಲ. ಬರೆದುಕೊಂಡಳು. "ದಿನಕ್ಕೆ ಎಷ್ಟು ಲೋಟ ನೀರು ಕುಡೀತೀರಿ?"

"ಕೆಲಸದ ದಿನಾನಾ, ರಜೆ ದಿನಾನಾ?"

ಪೆನ್ನು ನಿಂತಿತು. "ಎರಡಕ್ಕೂ ಬೇರೆ ಬೇರೆನಾ?"

"ಕೆಲಸದ ದಿನ ಬೆಳಗ್ಗೆ ಅರ್ಧ ಲೋಟ. ಆಮೇಲೆ ಸಂಜೆ ಮನೆಗೆ ಬಂದೇ."

"ಒಂದಕ್ಕೆ ಎಷ್ಟು ಸಲ ಹೋಗ್ತೀರಿ?"

"ಮನೆ ಬಿಡೋ ಮುಂಚೆ ಒಂದು ಸಲ, ಮನೆಗೆ ಬಂದು ಒಂದು ಸಲ."

"ಮಧ್ಯೆ? ಕೆಲಸದ ಜಾಗದಲ್ಲಿ ಟಾಯ್ಲೆಟ್ ಇಲ್ವಾ?"

"ಇದೆ. ಬೀಗ ಹಾಕಿರುತ್ತೆ. ಬೀಗದ ಕೈ ಮೇಸ್ತ್ರಿ ಹತ್ರ."

"ಕೊಡಲ್ವಾ?"

"ಅಯ್ಯೋ, ಕೊಡದೆ ಏನು. ಕೇಳಬೇಕಲ್ಲ."

ಆ ಬೀಗದ ಕೈಯ ಕತೆ ಹೀಗೆ. ಬಹಳ ಹಿಂದೆ ಒಮ್ಮೆ ಅದು ಕಾಗದದ ಚೂರುಗಳ ರಾಶಿಯಲ್ಲಿ ಬಿದ್ದು, ಹದಿನಾಲ್ಕು ಮೂಟೆ ಸುರಿದು ಹುಡುಕಬೇಕಾಯಿತಂತೆ. ಇನ್ನೊಮ್ಮೆ ಕಳೆಯಬಾರದೆಂದು ಮೇಸ್ತ್ರಿ ಅದನ್ನು ಒಂದು ಕೋಲಿಗೆ ಕಟ್ಟಿದ. ಕಟಿಂಗ್ ಮಷೀನಿನಲ್ಲಿ ಬ್ಲೇಡು ಬಂದು ಕೂರಲು ಕೆಳಗೆ ಒಂದು ಮರದ ಕೋಲು ಇಟ್ಟಿರುತ್ತಾರೆ. ನಾಲ್ಕು ಮಗ್ಗುಲೂ ಬ್ಲೇಡಿನ ಗೀರು ಬಿದ್ದ ಮೇಲೆ ತೆಗೆದು ಎಸೆಯುತ್ತಾರೆ. ಹಾಗೆ ಎಸೆದ ಕೋಲು, ಮೊಣಕೈಯಿಂದ ಬೆರಳ ತುದಿಗಿಂತಲೂ ಉದ್ದ. ಅದು ಮೇಸ್ತ್ರಿಯ ಕುರ್ಚಿಯ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಕಾದವರು ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಕೇಳಿ, ಕೋಲನ್ನು ಕೈಯಲ್ಲಿ ಹಿಡಿದು, ಎಲ್ಲ ಗಂಡಸರ ಮುಂದಿನಿಂದ ಮತ್ತೆ ಹಿತ್ತಲ ಬಾಗಿಲಿಗೆ ನಡೆಯಬೇಕು. ಬಟ್ಟೆಯೊಳಗೆ ಮರೆಮಾಡಲು ಆಗದ ಕೋಲು. ಗಂಡಸರಿಗೆ ಅದು ಬೇಕಾಗಿರಲಿಲ್ಲ, ಅವರಿಗೆ ಹಿಂದಿನ ಗೋಡೆ ಇತ್ತು.

ದಾರದಕ್ಕ ಕೆಲಸಕ್ಕೆ ಸೇರಿದ ಮೂರನೆಯ ವಾರ ಒಮ್ಮೆ ಆ ಕೋಲು ಹಿಡಿದು ಹೊರಟಿದ್ದಳು. ಆಗಿನ ಕಟಿಂಗ್ ಮಷೀನಿನವನು ಕಾಗದದ ಕಟ್ಟಿನ ಮೇಲೆ ಅಂಗೈಯಿಂದ ಡೋಲು ಬಡಿದಂತೆ ಬಡಿದು, "ಕೋಲು ಹೊರಡ್ತು, ದಾರಿ ಬಿಡ್ರಪ್ಪೋ!" ಎಂದು ಕೂಗಿದ. ಹಾಲಿಗೆ ಹಾಲೇ ನಕ್ಕಿತು. ಅವನೇನು ಕೆಟ್ಟವನಲ್ಲ, ಮುಂದೊಂದು ದಿನ ಅವಳಿಗೆ ಜ್ವರ ಬಂದಾಗ ಸೈಕಲ್ಲಿನ ಮೇಲೆ ಕೂರಿಸಿ ಮನೆ ಮುಟ್ಟಿಸಿದವನೂ ಅವನೇ. ಸತ್ತು ಹದಿನೈದು ವರ್ಷವಾಯಿತು. ಅವನು ಹೋದರೂ ಆ ಕೂಗು ಹೋಗಲಿಲ್ಲ, ಒಬ್ಬರಿಂದ ಒಬ್ಬರಿಗೆ ಬಂತು. ಇಪ್ಪತ್ತೆರಡು ವರ್ಷದ ಆ ಹುಡುಗಿ ಮಾತ್ರ ಅಂದಿನಿಂದ ಕೋಲು ಮುಟ್ಟಲಿಲ್ಲ.

"ಹಾಗಾದ್ರೆ ಹತ್ತು ಗಂಟೆ ಹೇಗೆ ತಡ್ಕೊಳ್ತಿದ್ರಿ?" ವ್ಯಾಯಾಮದವಳು ಕೇಳಿದಳು.

ದಾರದಕ್ಕನ ಮುಖ ಸ್ವಲ್ಪ ಅರಳಿತು. "ಅದಕ್ಕೊಂದು ಉಪಾಯ ಇದೆ. ಬಲಗಾಲು ಮಡಚಿ ಹಿಮ್ಮಡಿಯನ್ನ ಕೆಳಗೆ ಕೊಟ್ಟು, ಅದರ ಮೇಲೆ ಕೂತ್ಬಿಡೋದು. ಒಳಕ್ಕೆ ಎಳೆದು ಹಿಡಿಯೋದು. ಕಣ್ಣು ದಾರದ ಮೇಲೇ ಇರಬೇಕು. ಹನ್ನೆರಡು ಹೊಲಿಗೆ ದಾಟಿದ್ರೆ ಆಮೇಲೆ ಮರೆತೇ ಹೋಗುತ್ತೆ. ನಾನೇ ಕಂಡುಹಿಡಿದಿದ್ದು."

ವ್ಯಾಯಾಮದವಳು ದಾರದಕ್ಕನನ್ನು ಮಂಚದ ಮೇಲೆ ಮಲಗಿಸಿದಳು. ಪರದೆ ಎಳೆದಳು, ಕೈಗೆ ರಬ್ಬರಿನ ಗವಸು ಹಾಕಿಕೊಂಡಳು, ಏನು ಮಾಡುತ್ತೇನೆ ಎಂದು ಮೊದಲೇ ಹೇಳಿ, ಒಪ್ಪಿಗೆ ಕೇಳಿ, ಒಂದು ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋದಳು. "ಇಲ್ಲಿ?" ಅಲ್ಲ. "ಇಲ್ಲಿ?" ಅಲ್ಲ. "ಇಲ್ಲಿ?"

ದಾರದಕ್ಕ ಮಂಚದ ಅಂಚು ಹಿಡಿದುಕೊಂಡಳು. "ಅದೇ! ಅದೇ ತಾಯಿ, ಅಲ್ಲೇ!"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ಆ ಜಾಗದ ಮೇಲೆ ಬೆರಳಿಟ್ಟಿದ್ದರು. ಅವಳಿಗೆ ನೋವಿನ ನಡುವೆಯೂ ನಗು ಬಂತು. ಗುಳ್ಳೆ ಕಂಡಿತು ಎಂದು ಗಂಡನಿಗೆ ಹೇಳಬೇಕು ಎಂದುಕೊಂಡಳು.

ಬಟ್ಟೆ ಸರಿಪಡಿಸಿಕೊಂಡು ಕೂತ ಮೇಲೆ ವ್ಯಾಯಾಮದವಳು, "ಕೈ ಮುಷ್ಟಿ ಮಾಡಿ. ಗಟ್ಟಿಯಾಗಿ. ನಾನು ಹೇಳೋವರೆಗೂ ಬಿಡಬೇಡಿ" ಎಂದು ಹೇಳಿ, ತಾನು ಕಡತದಲ್ಲಿ ಬರೆಯತೊಡಗಿದಳು. ಒಂದು ಪುಟ ಬರೆದಳು. ಪುಟ ತಿರುಗಿಸಿದಳು. ದಾರದಕ್ಕನ ಮುಷ್ಟಿ ನಡುಗತೊಡಗಿತು, ನೋವು ಮಣಿಕಟ್ಟಿನಿಂದ ಮೊಣಕೈಗೆ ಏರಿತು. ಹೇಳಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ ಅವಳು, ಹಲ್ಲು ಕಚ್ಚಿ ಹಿಡಿದೇ ಇದ್ದಳು.

"ಈಗ ಬಿಡಿ. ನೋವಾಯ್ತಾ?"

"ಕೈಯೇ ನನ್ನದಲ್ಲ ಅನ್ನೋ ಹಾಗಾಯ್ತು."

"ಇದು ಆರು ನಿಮಿಷ. ಸೊಂಟದ ಕೆಳಗೆ, ಒಳಗಡೆ, ಉಯ್ಯಾಲೆ ಬಟ್ಟೆ ಕಟ್ಟಿದ ಹಾಗೆ ಮಾಂಸಖಂಡ ಇರುತ್ತಮ್ಮ. ಒಂದಕ್ಕೆ ತಡೆದಾಗ ಬಿಗಿಯಾಗೋದು ಅದೇ. ನೀವು ದಿನಾ ಹತ್ತು ಗಂಟೆ ಹಿಡಿದಿದ್ದೀರಿ, ಮೂವತ್ತೊಂದು ವರ್ಷ. ಅದು ಬಿಡೋದನ್ನೇ ಮರೆತಿದೆ. ಈಗ ನೀವು ಬಿಟ್ಟೆ ಅಂದ್ಕೊಂಡಾಗಲೂ ಅದು ಬಿಟ್ಟಿಲ್ಲ. ನೋವು ಅದರದ್ದು."

ದಾರದಕ್ಕ ತನ್ನ ಅಂಗೈಯಲ್ಲಿ ಮೂಡಿದ್ದ ಉಗುರಿನ ಗುರುತುಗಳನ್ನು ನೋಡಿದಳು. "ಹಾಗಾದ್ರೆ ಆಪರೇಷನ್ ಮಾಡಿ ತೆಗೆದಿದ್ದು?"

ಅವಳು ಕಡತದ ಹಳೆಯ ಹಾಳೆಗಳನ್ನು ತಿರುವಿದಳು, ಮತ್ತೆ ಮುಚ್ಚಿದಳು. "ಆಗ ಅವರ ಕಣ್ಣಿಗೆ ಕಂಡಿದ್ದು ಅದು ಅಮ್ಮ."

ವಾಸಿಯಾಗುತ್ತದೆಯೇ ಎಂದು ಕೇಳಿದ್ದಕ್ಕೆ, ವಾರಕ್ಕೊಮ್ಮೆ ಬರಬೇಕು, ಆರು ತಿಂಗಳೋ ವರ್ಷವೋ ಹಿಡಿಯಬಹುದು, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದಳು. ಎಲ್ಲಕ್ಕಿಂತ ಮೊದಲು ಎರಡು ಮೂರು ಗಂಟೆಗೊಮ್ಮೆ ಹೋಗಬೇಕು, ನೀರು ಕುಡಿಯಬೇಕು, ಹಿಮ್ಮಡಿಯ ಮೇಲೆ ಕೂರುವುದನ್ನು ಇವತ್ತಿನಿಂದಲೇ ನಿಲ್ಲಿಸಬೇಕು. ಮಲಗಿ, ಹೊಟ್ಟೆ ತುಂಬ ಉಸಿರೆಳೆದು, ಕೆಳಗೆ ಸಡಿಲ ಬಿಡುವುದನ್ನು ಹೇಳಿಕೊಟ್ಟಳು.

"ಹಿಡಿ ಅಂದ್ರೆ ಹಿಡೀತೀನಿ," ಎಂದಳು ದಾರದಕ್ಕ, ಮಲಗಿದಲ್ಲಿಂದಲೇ. "ಬಿಡು ಅಂದ್ರೆ ಎಲ್ಲಿಂದ ಬಿಡ್ಲಿ? ಗೊತ್ತೇ ಆಗ್ತಿಲ್ಲ."

"ನಿಮ್ಮ ಸಾಲಿನಲ್ಲಿ ಎಲ್ಲರೂ ಹೀಗೇ ಕೂರ್ತಾರಾ?"

"ಎಲ್ಲಾರೂ. ಹೊಸಬರು ಬಂದ ಮೊದಲ ದಿನವೇ ನಾನು..."

ಸೂಜಿ ಹಿಡಿಯುವುದನ್ನು ಕಲಿಸುವ ಮೊದಲು ಅವಳು ಕಲಿಸುತ್ತಿದ್ದದ್ದು ಅದು. ಎಷ್ಟು ಜನಕ್ಕೆ? ಮದುವೆಯಾಗಿ ಕೆಲಸ ಬಿಟ್ಟು ಹೋದವರು, ಈಗಲೂ ಇರುವವರು, ಒಬ್ಬೊಬ್ಬರ ಮುಖವೂ ಬಂತು. ಇಪ್ಪತ್ತಮೂರು. ಇಪ್ಪತ್ತಮೂರನೆಯವಳನ್ನು ಐದು ವರ್ಷದ ಹಿಂದೆ ಕೈ ಹಿಡಿದು ಕರೆತಂದು ಎಡಗಡೆ ಕೂರಿಸಿಕೊಂಡಿದ್ದಳು. ತೊಡೆ ತಟ್ಟಿ, "ಕಾಲು ಮಡಚು. ಹಿಮ್ಮಡಿ ಇನ್ನೂ ಒಳಗೆ. ಹಾಂ, ಈಗ ಎಳ್ಕೋ. ನನ್ನ ಮಗಳು ಅಂದ್ರೆ ಸಾಲಿನಲ್ಲೇ ಕೊನೇಲಿ ಏಳಬೇಕು" ಎಂದಿದ್ದಳು.

ವ್ಯಾಯಾಮದವಳು ಮಗಳ ವಿಷಯ ಕೇಳಿ ಒಂದು ಚೀಟಿ ಬರೆದುಕೊಟ್ಟಳು. ಆಪರೇಷನ್ನಿಗೆ ಮುಂಚೆ ಮಗಳನ್ನು ಒಂದು ಸಲ ಇಲ್ಲಿಗೆ ಕರೆತನ್ನಿ, ನೋಡದೆ ಏನೂ ಹೇಳಲಾಗದು, ನೋಡುವುದರಲ್ಲಿ ನಷ್ಟವಿಲ್ಲ ಎಂದಳು. ದಾರದಕ್ಕನಿಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಓದುವಷ್ಟು. ಬಸ್ಸಿನಲ್ಲಿ ನಿಂತೇ ಆ ಚೀಟಿಯನ್ನು ಮನೆ ಬರುವವರೆಗೂ ಕೂಡಿಸಿ ಕೂಡಿಸಿ ಓದಿದಳು.

ಹದಿನೆಂಟಕ್ಕೆ ಇನ್ನೂ ಹದಿನೇಳು ದಿನ ಇತ್ತು. ಚೀಟಿ ಹಿಡಿದು ನೇರವಾಗಿ ಬೀಗರ ಮನೆಗೆ ಹೋದಳು. ಬೀಗಿತಿ ಕುರ್ಚಿ ಕೊಟ್ಟಳು, ದಾರದಕ್ಕ ಗೋಡೆಗೆ ಒರಗಿ ನಿಂತೇ ಎಲ್ಲ ಹೇಳಿದಳು. ಅಳಿಯ ಒಳಗಿನ ಕೋಣೆಯಲ್ಲಿದ್ದ, ಕೇಳಿಸುತ್ತಿತ್ತು, ಹೊರಗೆ ಬರಲಿಲ್ಲ.

ಬೀಗಿತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಉಚ್ಚೆ ಕಟ್ಟಿದ್ದಕ್ಕೆ ಈ ನೋವಾ? ಬೇರೆಯವರ ಮುಂದೆ ಹೇಳ್ಬೇಡಿ ಬೀಗಿತೀರೇ, ನಗ್ತಾರೆ. ನಾವೆಲ್ಲಾ ಕಟ್ಟಿಲ್ವಾ? ಬಸ್ಸಲ್ಲಿ ದಿನಗಟ್ಟಲೆ ಹೋಗಿಲ್ವಾ?"

"ಒಂದು ದಿನದ ಮಾತಲ್ಲ ಇದು. ಒಂದು ಸಲ ತೋರಿಸೋಣ. ಚೀಟಿ ಕೊಟ್ಟಿದಾರೆ."

"ಡಾಕ್ಟರು ಕೊಟ್ಟಿದ್ದಾ?"

"ಅಲ್ಲ. ವ್ಯಾಯಾಮ ಮಾಡಿಸೋರು."

"ನೋಡಿ ಮತ್ತೆ." ಬೀಗಿತಿ ದನಿ ಇಳಿಸಿದಳು. ಅವಳೂ ಕೆಟ್ಟವಳಲ್ಲ, ಸೊಸೆಯನ್ನು ಬೈಯುತ್ತಿರಲಿಲ್ಲ. "ನನ್ನ ಮಗನ ಮುಖ ನೋಡಿದ್ದೀರಾ? ಒಂದು ಮಗುವಿಗೆ ಮೂರು ವರ್ಷ ಕಾದಿದಾನೆ. ದೊಡ್ಡ ಡಾಕ್ಟರು ತಾರೀಕು ಕೊಟ್ಟಾಗ ಬಿಟ್ಟು, ವ್ಯಾಯಾಮ ಮಾಡಿಸ್ಕೊಂಡು ಕೂರೋಣ ಅಂದ್ರೆ ಹೇಗೆ? ನಿಮಗೇ ವಾಸಿ ಆಗಿಲ್ಲವಲ್ಲ."

ದಾರದಕ್ಕ ಚೀಟಿಯನ್ನು ಮಗಳ ಕೈಗೆ ಕೊಟ್ಟು ಬಂದಳು. ಮಗಳು ಅದನ್ನು ನಾಲ್ಕಾಗಿ ಮಡಚಿ ಊಟದ ಚೀಲದ ಒಳಗಿನ ಜೇಬಿಗೆ ಸೇರಿಸಿದಳು.

ಮಾರನೆಯ ದಿನ ಹತ್ತೂವರೆಗೆ ದಾರದಕ್ಕ ಬೆಂಚಿನಿಂದ ಎದ್ದಳು. ಎಂಟು ತಲೆಗಳು ತಿರುಗಿದವು. ಹಾಲ್ ದಾಟಿ ಮೇಸ್ತ್ರಿಯ ಮುಂದೆ ನಿಂತಳು.

"ಏನು ದಾರದಕ್ಕ, ದಾರ ಮುಗೀತಾ?"

"ಬೀಗದ ಕೈ ಕೊಡಿ ಮೇಸ್ತ್ರಿಗಳೇ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕೋಲನ್ನು ಮೊಳೆಯಿಂದ ತೆಗೆದುಕೊಟ್ಟ. ಅವಳು ಅಲ್ಲೇ ನಿಂತು ಕೇಳಿದಳು: "ಈ ಕೋಲು ಬಿಚ್ಚಿಸಿ, ಬೀಗದ ಕೈನ ನಮ್ಮ ಮೇಜಿನ ಹತ್ರ ಒಂದು ಮೊಳೆಗೆ ಹಾಕಿಸಬಾರದಾ? ಹುಡುಗೀರಿಗೆ ಇಷ್ಟು ದೂರ ಬಂದು ಕೇಳೋಕೆ ನಾಚಿಕೆ."

ಮೇಸ್ತ್ರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾನು ಯಾವತ್ತಾದ್ರೂ ಕೊಡಲ್ಲ ಅಂದಿದೀನಾ? ಹೇಳಿ, ಒಂದು ದಿನ? ಅಲ್ಲಿ ಹಾಕಿದ್ರೆ ಮತ್ತೆ ಕಳೀತೀರಿ, ಮತ್ತೆ ಮೂಟೆ ಸುರೀಬೇಕು ನಾನು. ಇಷ್ಟು ವರ್ಷ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತು?"

ಅವನು ಹೇಳಿದ್ದು ಸುಳ್ಳಲ್ಲ. ಯಾರೂ ಯಾವತ್ತೂ ಬೇಡ ಅಂದಿರಲಿಲ್ಲ. ಬೈಯೋಣವೆಂದರೆ ಬೈಯುವುದಕ್ಕೂ ಒಬ್ಬರಿಲ್ಲ. ದಾರದಕ್ಕ ಕೋಲು ಹಿಡಿದು ಹಿತ್ತಲ ಬಾಗಿಲ ಕಡೆ ನಡೆದಳು. ಈಗಿನ ಕಟಿಂಗ್ ಮಷೀನಿನವನು ಚಿಕ್ಕವನು, ಅವಳನ್ನು ಕಂಡರೆ ಗೌರವ. ಸುಮ್ಮನಿದ್ದ. ಅಂಟು ಬಳಿಯುವವನೊಬ್ಬ ಮಾತ್ರ ಮೆಲ್ಲಗೆ, "ಕೋಲು ಹೊರಡ್ತು" ಎಂದ. ಎರಡು ಮೂರು ಕಡೆಯಿಂದ ಕಿಸಕ್ ಎಂದಿತು.

ಒಳಗೆ ಅಗುಳಿ ಹಾಕಿ ಕೂತಳು. ಹೊಟ್ಟೆ ತುಂಬ ಉಸಿರೆಳೆದಳು. ಬರಲಿಲ್ಲ. ಹಗಲು ಹತ್ತೂವರೆಗೆ ಆ ಮೈ ಎಂದೂ ಬಿಟ್ಟು ಅಭ್ಯಾಸವಿಲ್ಲ. ಹೊರಗೆ ಕಟಿಂಗ್ ಮಷೀನಿನ ಬ್ಲೇಡು ಮೂವತ್ತು ಸಲ ಬಿತ್ತು, ಅವಳು ಎಣಿಸಿದಳು. ಬರಲಿಲ್ಲ. ಬರಿಗೈಯಲ್ಲಿ ಮರಳುವವಳ ಹಾಗೆ ಎದ್ದು ಬಂದು ಕೋಲನ್ನು ಮೊಳೆಗೆ ಹಾಕಿದಳು.

ಆ ದಿನ ಊಟದ ಹೊತ್ತಿನಲ್ಲಿ ಸಾಲಿನವರಿಗೆಲ್ಲ ಮುಷ್ಟಿಯ ಕತೆ ಹೇಳಿದಳು. ಇಬ್ಬರು ಮುಖ ಮುಖ ನೋಡಿಕೊಂಡರು. ಅವರಿಗೂ ಇದೆ ಎಂದು ಅವಳಿಗೆ ಗೊತ್ತಾಯಿತು. ಆದರೆ ಮೂವರು ಮಕ್ಕಳ ತಾಯಿಯೊಬ್ಬಳು, "ಅಕ್ಕ, ನೀವೇ ಕಲಿಸಿದ್ರಿ, ನೀವೇ ಬಿಡಿ ಅಂತೀರಿ. ನಿಮ್ಮನ್ನ ನಂಬ್ಕೊಂಡು ಕೂತ್ರೆ ಎದ್ದ ಹಾಗೇ" ಎಂದು ನಗಿಸಿದಳು. ಎಲ್ಲರ ಜೊತೆ ದಾರದಕ್ಕನೂ ನಕ್ಕಳು. ಊಟವಾದ ಮೇಲೆ ಯಾರೂ ಏಳಲಿಲ್ಲ.

ಅವಳು ಮಾತ್ರ ದಿನಾ ಎರಡು ಸಲ ಎದ್ದಳು. ತನಗೆ ಬರಲಿ ಬಿಡಲಿ, ದಾರಿ ಸವೆದರೆ ಮಗಳು ಹಿಂದೆ ಬಂದಾಳು ಎಂಬ ಆಸೆ. ಎರಡನೆಯ ವಾರಕ್ಕೆ ಒಂದೊಂದು ದಿನ ಬರತೊಡಗಿತು. ಮಗಳು ಏಳಲಿಲ್ಲ. ಒಂದು ದಿನ ದಾರಕ್ಕೆ ಮೇಣ ಸವರುತ್ತಾ ಹೇಳಿದಳು:

"ಅಮ್ಮ, ನೀನು ಹೋಗಬೇಡ."

"ಯಾಕೇ?"

"ನೀನು ಬೆನ್ನು ಹಾಕಿದ ಮೇಲೆ ಏನೇನು ಅಂತಾರೆ ಗೊತ್ತಾ? ನೀನು ಬಾಗಿಲು ದಾಟಿರ್ತೀಯ. ಇಲ್ಲಿ ಕೂತು ಕೇಳೋಳು ನಾನು."

"ಅಂದ್ರೆ ಅನ್ಕೊಳ್ಳಲಿ. ಆಸ್ಪತ್ರೆಗೆ ಒಂದು ಸಲ ಬಾರೇ. ಅರ್ಧ ದಿನದ ಕೆಲಸ. ನಿಮ್ಮತ್ತೆಗೆ ಹೇಳದೆ ಬಾ."

"ಹೇಳದೆ ಬಂದು, ಆಮೇಲೆ ಗೊತ್ತಾದ್ರೆ?" ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಮ್ಮನೆಯವರು ಕೂಡ ಹದಿನೆಂಟಕ್ಕೆ ರಜೆ ಹಾಕಿದಾರಮ್ಮ. ಆ ದಿನ ಆದ ಮೇಲೆ ಎಲ್ಲಾ ಸರಿ ಹೋಗುತ್ತೆ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ರು. ನಾನು ಏನಂತ ಹೇಳಲಿ? ಉಚ್ಚೆಯದು ಅಂತ ಹೇಳಲಾ?"

ಹದಿನೇಳನೆಯ ತಾರೀಕು ಮಗಳು ಕೆಲಸಕ್ಕೆ ಬಂದಳು. ಮಾರನೆಯ ದಿನದಿಂದ ರಜೆ ಎಂದು, ಇದ್ದ ಫಾರಂಗಳನ್ನೆಲ್ಲ ಮುಗಿಸಿಬಿಡುವ ಆತುರ. ಶಾಲೆಯ ಪುಸ್ತಕ, ಒಂದೊಂದರಲ್ಲಿ ಹನ್ನೊಂದು ಫಾರಂ. ಮಧ್ಯಾಹ್ನ ಮೂರರ ಬಿಸಿಲು ಪಕ್ಕದ ಗೋಡೆಗೆ ಹೊಡೆದು ಮೇಜಿನ ಮೇಲೆ ಬೆಳಕು ಬೀಳುತ್ತಿತ್ತು. ಊಟದ ಚೀಲದ ಜೇಬಿನಿಂದ ಚೀಟಿಯ ಮೂಲೆ ಕಾಣುತ್ತಿತ್ತು, ಮಡಿಕೆ ಬಿಚ್ಚಿರಲಿಲ್ಲ.

ದಾರದಕ್ಕ ಪಕ್ಕಕ್ಕೆ ನೋಡಿದಳು. ಮಗಳ ಬಲಗಾಲು ಮಡಚಿ ಕೆಳಗೆ ಸೇರಿತ್ತು. ಹಿಮ್ಮಡಿ ಇರಬೇಕಾದ ಜಾಗದಲ್ಲಿ ಕರಾರುವಾಕ್ಕಾಗಿ ಇತ್ತು. ತಾನು ಐದು ವರ್ಷದ ಹಿಂದೆ ತೊಡೆ ತಟ್ಟಿ ಎಲ್ಲಿ ಇಡಿಸಿದ್ದಳೋ ಅಲ್ಲೇ. ಮಗಳ ಕಣ್ಣು ದಾರದ ಮೇಲಿತ್ತು, ತುಟಿ ಹೊಲಿಗೆ ಎಣಿಸುತ್ತಿತ್ತು.

ದಾರದಕ್ಕ ಸೂಜಿಯನ್ನು ಫಾರಮ್ಮಿಗೆ ಚುಚ್ಚಿ ನಿಲ್ಲಿಸಿ, ಮೇಜಿನ ಕೆಳಗೆ ಕೈ ಹಾಕಿದಳು. ಮಗಳ ಪಾದದ ಗಂಟು ಹಿಡಿದು ಮೆಲ್ಲಗೆ ಹೊರಕ್ಕೆ ಎಳೆದು, ಕಾಲನ್ನು ನೆಲಕ್ಕೆ ಬಿಟ್ಟಳು. ಮಗಳು ತಲೆ ಎತ್ತಲಿಲ್ಲ.

"ಸುಮ್ನಿರಮ್ಮ. ಹೊಲಿಗೆ ಓರೆ ಹೋಗುತ್ತೆ."

ಹನ್ನೆರಡು ಹೊಲಿಗೆ ಆಗುವಷ್ಟರಲ್ಲಿ ಕಾಲು ಮತ್ತೆ ಮಡಚಿಕೊಂಡಿತ್ತು. ಮಗಳಿಗೆ ಅದು ಗೊತ್ತೂ ಆಗಿರಲಿಲ್ಲ. ದಾರದಕ್ಕ ಮತ್ತೆ ಬಗ್ಗಿದಳು, ಮತ್ತೆ ಬಿಡಿಸಿದಳು. ನೆಟ್ಟಗಾಗುವಾಗ ತನ್ನ ಕೆಳಗೆ ಏನೋ ಒತ್ತಿದಂತಾಗಿ ನೋಡಿಕೊಂಡರೆ, ತನ್ನ ಹಿಮ್ಮಡಿಯೂ ಯಾವಾಗಲೋ ಬಂದು ಅಲ್ಲಿ ಸೇರಿತ್ತು. ಅದನ್ನೂ ಎಳೆದು ಹೊರಗಿಟ್ಟಳು. ಸಂಜೆ ಆರರವರೆಗೆ ಹೊಲಿದದ್ದು ಕಮ್ಮಿ, ಬಗ್ಗಿದ್ದೇ ಹೆಚ್ಚು. ಮೇಸ್ತ್ರಿ ಅಲ್ಲಿಂದಲೇ, "ದಾರದಕ್ಕ, ಕೆಳಗೇನು ಬಿದ್ದಿದೆ ಅಷ್ಟೊತ್ತಿಂದ?" ಎಂದು ಕೂಗಿದ.

"ಏನಿಲ್ಲ," ಎಂದಳು ಅವಳು, ಮಗಳ ಕಾಲನ್ನು ಹಿಡಿದುಕೊಂಡೇ.